ಜಗಲಿ ಕಂಬದ ಅಲೆಗಳು

ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಯಾಕೆಂದರೆ ಮುಂದೆ ನಾನು ಕಡಲಿನ ಬಗ್ಗೆ, ಗಾಳಿಯ ದಿಕ್ಕಿನ ಬಗ್ಗೆ, ಅಲೆಗಳ ಎತ್ತರದ ಬಗ್ಗೆ ಎಷ್ಟು ಗತ್ತಿನಿಂದ ಮಾತಾಡುತ್ತೇನೆಂದರೆ ನೀವು ನನ್ನನ್ನು ಹಡಗಿನ ಕಪ್ತಾನನೆಂದೇ ತಿಳಿದುಬಿಡುವ ಅಪಾಯವಿದೆ. ಹುಟ್ಟಿದ್ದು ಅಳದಂಗಡಿಯ ಹತ್ತಿರ, ಓದಿದ್ದು ಬೆಳ್ತಂಗಡಿಯಲ್ಲಿ, ಹೊಟ್ಟೆಪಾಡಿಗೆ ಭೂಗೋಳದ ಮಾಸ್ತರನಾಗಿ ಸೇರಿದ್ದು ಮೂಡುಬಿದಿರೆಯಲ್ಲಿ. ಅಲ್ಲಿಯವರೆಗೆ ನಾನು ಕಂಡ ಅತಿ ಭಯಂಕರ ನೀರೆಂದರೆ ನೆರೆ ಬಂದಾಗಿನ ಬಂಟ್ವಾಳದ ನೇತ್ರಾವತಿ. ಅದನ್ನೂ ಸೇತುವೆ ದಾಟುವ ಬಸ್ಸಿನ ಕಿಟಕಿಯಿಂದ, ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದ್ದು. ಕಡಲನ್ನು ಒಂದೇ ಒಂದು ಸಲ ಮಂಗಳೂರಿಗೆ ಹೋದಾಗ ದೂರದಿಂದ ಕಂಡಿದ್ದೆ. ಅದು ಆಗ ಸುಮ್ಮನೆ ಮಲಗಿತ್ತು. ಹತ್ತಿರ ಹೋಗುವ ಅಗತ್ಯ ಕಾಣಲಿಲ್ಲ, ನಕ್ಷೆಯಲ್ಲಿ ದಿನಾ ನೋಡುತ್ತೇನಲ್ಲ ಎಂದುಕೊಂಡು ಬಂದುಬಿಟ್ಟೆ.

ಇಂಥವನು ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಬೀದಿಯ ಗಾಳಿ ಮಾಸ್ತರನಾದದ್ದು ಹೇಗೆಂದರೆ, ಅದಕ್ಕೆ ನಮ್ಮ ಮನೆಯ ಊಟದ ಹೊತ್ತು ಕಾರಣ. ನಾವು ಜೈನರು. ಸೂರ್ಯ ಮುಳುಗುವ ಮೊದಲೇ ನಮ್ಮ ರಾತ್ರಿಯೂಟ ಮುಗಿದಿರುತ್ತದೆ. ಬೀದಿಯ ಉಳಿದವರೆಲ್ಲ ಅಂಗಡಿ, ಅಡುಗೆ, ಭಜನೆ ಎಂದು ಒದ್ದಾಡುವ ಹೊತ್ತಿಗೆ ನಾನೊಬ್ಬ ಹೊಟ್ಟೆ ತುಂಬಿಸಿಕೊಂಡು ಜಗಲಿಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದೆ. ಮಾಡಲು ಕೆಲಸವಿಲ್ಲದ ಮನುಷ್ಯನಿಗೆ ರೇಡಿಯೋ ಒಂದು ದೊಡ್ಡ ಆಸರೆ. ಆರೂ ಮುಕ್ಕಾಲರ ಸುಮಾರಿಗೆ ಅದರಲ್ಲಿ ಮೀನುಗಾರರಿಗೆ ಹವಾ ಮುನ್ಸೂಚನೆ ಬರುತ್ತಿತ್ತು. ಗಾಳಿ ಯಾವ ದಿಕ್ಕಿನಿಂದ, ಎಷ್ಟು ವೇಗ, ಅಲೆ ಎಷ್ಟು ಮೀಟರ್, ಕಡಲಿಗೆ ಇಳಿಯಬಹುದೋ ಬಾರದೋ. ಜೀವಮಾನದಲ್ಲಿ ಮೀನು ಮುಟ್ಟದವನು ಅದನ್ನು ದೇವರ ಸ್ತೋತ್ರ ಕೇಳಿದಷ್ಟು ಭಕ್ತಿಯಿಂದ ಕೇಳುತ್ತಿದ್ದೆ. ಓದುವವರ ದನಿ ಗಂಭೀರ, ಭಾಷೆ ಶುದ್ಧ. ‘ಕಡಲು ಪ್ರಕ್ಷುಬ್ಧವಾಗಿರುವ ಸಾಧ್ಯತೆ ಇದೆ’ ಎಂಬ ವಾಕ್ಯವನ್ನು ನಾನು ತರಗತಿಯಲ್ಲಿ ಹುಡುಗರ ಮೇಲೆ ಪ್ರಯೋಗಿಸಿದ್ದೂ ಉಂಟು. ಅವರು ಬೆದರಲಿಲ್ಲ.

ಗಾಳಿಯ ದಿಕ್ಕುಗಳೆಂದರೆ ನನಗೆ ಮೊದಲಿನಿಂದಲೂ ಒಂದು ಮರುಳು. ನಮ್ಮ ಹಿರಿಯರು ಎಂಟು ದಿಕ್ಕಿಗೆ ಎಂಟು ಜನ ಪಾಲಕರನ್ನು ನೇಮಿಸಿದ್ದಾರೆ. ಅದರಲ್ಲಿ ವಾಯುವಿಗೆ ಸಿಕ್ಕಿದ್ದು ವಾಯುವ್ಯವೆಂಬ ಒಂದು ಮೂಲೆ ಮಾತ್ರ. ಆದರೆ ನಮಗೆ ಮಳೆ ಹೊತ್ತು ತರುವ ನಿಜವಾದ ಗಾಳಿ ಬರುವುದು ನಿರುತಿಯ ಮೂಲೆಯಿಂದ, ನೈರುತ್ಯದಿಂದ. ಕಡಲಿನ ಯಜಮಾನ ವರುಣನೋ ಇಬ್ಬರ ನಡುವೆ ಪಶ್ಚಿಮದಲ್ಲಿ ಕೂತಿದ್ದಾನೆ. ಒಬ್ಬನ ಕೆಲಸವನ್ನು ಇನ್ನೊಬ್ಬ ಮಾಡುವ ಈ ಪದ್ಧತಿ ಸರಕಾರಿ ಕಚೇರಿಗಳಿಗಿಂತ ಹಳೆಯದೆಂದು ನಾನು ಯಾರು ಸಿಕ್ಕಿದರೂ ವಿವರಿಸುತ್ತಿದ್ದೆ. ಕೇಳುವವರು ಸಿಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಸಿಕ್ಕಿದವರು ಒಬ್ಬರೇ, ಗುಲಾಬಿಯಕ್ಕ.

ಗುಲಾಬಿಯಕ್ಕ ಕಡಲ ದಡದ ಮೊಗವೀರ ಹೆಂಗಸು. ಬೆಳಗಿನ ಬಸ್ಸಿಗೆ ಮೀನಿನ ಬುಟ್ಟಿ ಹೊತ್ತು ಮೂಡುಬಿದಿರೆಯ ಮಾರ್ಕೆಟ್ಟಿಗೆ ಬಂದು, ಸಂಜೆ ಏಳರ ಬಸ್ಸಿಗೆ ಊರಿಗೆ ಮರಳುತ್ತಿದ್ದರು. ಬಸ್ಸು ನಿಲ್ಲುವುದು ನಮ್ಮ ಮನೆಯ ಎದುರು. ಒಂದು ಸಂಜೆ ಬಸ್ಸು ಕಾಯುತ್ತಾ ನಮ್ಮ ರೇಡಿಯೋದ ದನಿ ಕೇಳಿ, ಖಾಲಿ ಬುಟ್ಟಿಯನ್ನು ರಸ್ತೆಯ ಆಚೆಯೇ ಇಟ್ಟು, ನಮ್ಮ ಬೇಲಿಬಾಗಿಲಿನ ದಣಪೆಯ ಹತ್ತಿರ ಬಂದು ನಿಂತರು. ನಮ್ಮದು ಮೀನು ತಿನ್ನದ ಮನೆಯೆಂದು ಬುಟ್ಟಿಯನ್ನು ಈಚೆಗೆ ತಂದದ್ದೇ ಇಲ್ಲ. ಮಾತು ತುಳುವಿನಲ್ಲೇ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಗಾಳಿ ಎಂತ ಹೇಳ್ತದೆ ಮಾಸ್ಟ್ರೆ?”

ಆ ದಿನದಿಂದ ಅದು ನಿತ್ಯದ ಕ್ರಮವಾಯಿತು. ಅವರು ಕೇಳುವುದು, ನಾನು ಹೇಳುವುದು. ಎರಡು ಮೀಟರ್ ಅಂದರೆ ಎಷ್ಟು ಎಂದು ಅವರು ಒಮ್ಮೆ ಕೇಳಿದಾಗ ನನ್ನೊಳಗಿನ ಮಾಸ್ತರ ಎದ್ದು ಕುಳಿತ. ಶಾಲೆಯಿಂದ ಸೀಮೆಸುಣ್ಣ ತಂದು ಜಗಲಿಯ ಕಂಬದ ಮೇಲೆ ಅಳೆದು ಮೂರು ಗೆರೆ ಎಳೆದೆ. ಸೊಂಟದ ಹತ್ತಿರ ಒಂದು ಮೀಟರ್, ತಲೆಗಿಂತ ಗೇಣು ಮೇಲೆ ಎರಡು, ಮಾಡಿನ ಹತ್ತಿರ ಮೂರು. ಪ್ರತಿ ಸಂಜೆ ಬೆತ್ತದಿಂದ ಆಯಾ ಗೆರೆಯನ್ನು ತೋರಿಸಿ, “ನಾಳೆ ಇಷ್ಟು” ಎನ್ನುತ್ತಿದ್ದೆ. ಗುಲಾಬಿಯಕ್ಕ ಕತ್ತು ಎತ್ತಿ ನೋಡಿ ತಲೆಯಾಡಿಸುತ್ತಿದ್ದರು. ಇಷ್ಟು ಶ್ರದ್ಧೆಯ ವಿದ್ಯಾರ್ಥಿ ನನಗೆ ಇಪ್ಪತ್ತು ವರ್ಷದ ಸೇವೆಯಲ್ಲಿ ಸಿಕ್ಕಿರಲಿಲ್ಲ. ನನ್ನ ಎಣಿಕೆಯೇನೆಂದರೆ, ನಾಳೆ ಮೀನು ಬರುತ್ತದೋ ಇಲ್ಲವೋ, ಯಾರಿಗೆ ಏನು ಹೇಳಿಡಬೇಕು ಎಂಬ ವ್ಯಾಪಾರದ ಲೆಕ್ಕಕ್ಕಾಗಿ ಅವರು ಕೇಳುತ್ತಾರೆ ಎಂದು. ಅದನ್ನು ಒಮ್ಮೆಯೂ ಅವರ ಬಳಿ ವಿಚಾರಿಸಲಿಲ್ಲ. ಪಾಠ ಹೇಳುವವನಿಗೆ, ಕೇಳುವವರು ಅದನ್ನು ಏನು ಮಾಡುತ್ತಾರೆಂಬ ಯೋಚನೆ ಬರುವುದಿಲ್ಲ.

ಯೋಚನೆ ಬಂದದ್ದು ನನ್ನ ಹೆಂಡತಿಗೆ. ಅದೂ ಬೇರೆ ರೀತಿಯಲ್ಲಿ.

“ನೀವು ಅಲೆ ಇಲ್ಲ ಅಂತ ಹೇಳಿದ ದಿನ ಜಾಸ್ತಿ ಮೀನು ಸಾಯ್ತದಲ್ಲ, ಅದರ ಪಾಪ ಯಾರಿಗೆ?” ಎಂದು ಅವಳು ಒಳಗಿನಿಂದ ಕೇಳಿದಳು.

“ನಾನು ಗಾಳಿ ಹೇಳ್ತೇನೆ, ಮೀನು ಹಿಡಿಯುವುದಿಲ್ಲ” ಎಂದೆ. ಉತ್ತರ ಚೆನ್ನಾಗಿಯೇ ಇತ್ತು. ಆದರೂ ನಮ್ಮ ಜೈನರ ವ್ರತದ ಪರ್ವದ ಹತ್ತು ದಿನಗಳಲ್ಲಿ ರೇಡಿಯೋ ‘ಕಡಲಿಗೆ ಇಳಿಯಬಾರದು’ ಎಂದರೆ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು.

ಆ ವರ್ಷ ದೀಪಾವಳಿ ಕಳೆದು ಒಂದು ವಾರವಾಗಿರಬೇಕು. ನಾಲ್ಕೈದು ದಿನದಿಂದ ಕಡಲು ತಣ್ಣಗಿತ್ತು. ಪ್ರತಿದಿನ ಅದೇ ವಾಯುವ್ಯದ ಗಾಳಿ, ಅದೇ ಒಂದು ಮೀಟರಿನ ಗೆರೆ, ಬೆತ್ತ ಎತ್ತುವ ಕೆಲಸವೂ ಇರಲಿಲ್ಲ. ಆ ಸಂಜೆ ರೇಡಿಯೋ ತಿರುಗಿಸಿದರೆ ಗೊರಗೊರ ಬಿಟ್ಟು ಬೇರೇನೂ ಇಲ್ಲ. ಬ್ಯಾಟರಿ ಸೆಲ್ಲುಗಳು ಪ್ರಾಣ ಬಿಟ್ಟಿದ್ದವು. ಮಧ್ಯಾಹ್ನ ಬಿಸಿಲಿಗಿಟ್ಟಿದ್ದರೆ ಒಂದೆರಡು ದಿನ ಎಳೆಯುತ್ತಿದ್ದವು. ಮರೆತಿದ್ದೆ. ಮೇಜಿಗೆ ಬಡಿದೆ, ಹಲ್ಲಿನಲ್ಲಿ ಕಚ್ಚಿದೆ, ಹಿಂದುಮುಂದು ಮಾಡಿ ಹಾಕಿದೆ. ಅಷ್ಟರಲ್ಲಿ ದಣಪೆಯ ಹತ್ತಿರ ಗುಲಾಬಿಯಕ್ಕ ಬಂದು ನಿಂತಿದ್ದರು.

“ಗಾಳಿ ಎಂತ ಹೇಳ್ತದೆ ಮಾಸ್ಟ್ರೆ?”

ಸೆಲ್ಲು ಸತ್ತಿದೆ ಎನ್ನಬಹುದಿತ್ತು. ಎರಡೇ ಶಬ್ದ. ಆದರೆ ಅಷ್ಟು ದಿನ ಬೆತ್ತ ಹಿಡಿದು ನಿಂತವನ ಬಾಯಿಯಿಂದ ಆ ಎರಡು ಶಬ್ದ ಹೊರಡಲಿಲ್ಲ. ನಿನ್ನೆ ಇದ್ದದ್ದೇ ಇವತ್ತೂ ಇರುತ್ತದೆ, ಕಡಲೇನು ನಮ್ಮ ಹೆಡ್‌ಮಾಸ್ತರರ ಮೋರೆಯೇ ಗಂಟೆಗೊಮ್ಮೆ ಬದಲಾಗುವುದಕ್ಕೆ ಎಂದುಕೊಂಡೆ.

“ವಾಯುವ್ಯದ ಗಾಳಿ. ಒಂದೇ ಮೀಟರ್. ಏನೂ ಅಡ್ಡಿ ಇಲ್ಲ” ಎಂದು ಬೆತ್ತದಿಂದ ಕೆಳಗಿನ ಗೆರೆಯನ್ನು ತಟ್ಟಿದೆ.

ಗುಲಾಬಿಯಕ್ಕನ ಮುಖ ಅರಳಿತು. “ಒಳ್ಳೆದಾಯ್ತು ಮಾರಾಯ್ರೆ. ನಮ್ಮವರೂ ನನ್ನ ತಮ್ಮನೂ ನಾಳೆ ಬೆಳಿಗ್ಗೆ ಪಾದೆಯ ಹೊರಗೆ ಬಲೆ ಬಿಡ್ಬೇಕು ಅಂತ ಇದ್ದಾರೆ. ಅಲ್ಲಿ ಗಾಳಿ ತಿರುಗಿದ್ರೆ ದೋಣಿ ಕಲ್ಲಿಗೇ ಹೋಗಿ ಹೊಡೀತದೆ. ಮಾಸ್ಟ್ರು ಎಂತ ಹೇಳ್ತಾರೆ ಕೇಳಿಕೊಂಡು ಬಾ ಅಂತ ಹೇಳಿ ಕಳಿಸಿದ್ರು.”

ಬಸ್ಸು ಬಂತು. ಅವರು ಬುಟ್ಟಿ ಎತ್ತಿಕೊಂಡು ಹತ್ತಿದರು. ಹೋಯಿತು.

ನಾನು ಬೆತ್ತ ಹಿಡಿದುಕೊಂಡೇ ನಿಂತಿದ್ದೆ. ಎದೆ ಧಸಕ್ಕೆಂದಿತು ಎಂದು ಕತೆಗಳಲ್ಲಿ ಓದಿದ್ದೆ, ಅದು ನಿಜವಾಗಿ ಹೇಗಿರುತ್ತದೆಂದು ಆಗ ಗೊತ್ತಾಯಿತು. ಇಷ್ಟು ದಿನ ನಾನು ಹೇಳಿದ್ದು ಮೀನಿನ ಸುದ್ದಿಯಾಗಿರಲಿಲ್ಲ. ಇಬ್ಬರು ಗಂಡಸರು ನನ್ನ ಬೆತ್ತದ ತುದಿಯನ್ನು ನಂಬಿ ಕಡಲಿಗೆ ಇಳಿಯುತ್ತಿದ್ದರು, ಮತ್ತು ಇವತ್ತು ನಾನು ಸುಳ್ಳು ಹೇಳಿ ಕಳಿಸಿದ್ದೆ. ರಸ್ತೆಗೆ ಓಡಿದೆ. ಬಸ್ಸಿನ ಹಿಂದಿನ ಕೆಂಪು ದೀಪವೂ ಕಾಣಲಿಲ್ಲ. ಪಕ್ಕದ ಭಟ್ಟರ ಹೋಟೆಲಿನಲ್ಲಿ ರೇಡಿಯೋ ಇತ್ತು, ಅಲ್ಲಿಗೆ ಓಡಿದೆ. ಹವಾ ಸುದ್ದಿ ಮುಗಿದು ಚಿತ್ರಗೀತೆ ಶುರುವಾಗಿತ್ತು.

“ಗಾಳಿದ್ದು ಎಂತ ಹೇಳಿದ್ರು ಭಟ್ರೆ?” ಎಂದು ಏದುಸಿರು ಬಿಡುತ್ತಾ ಕೇಳಿದೆ.

ಭಟ್ಟರು ಎಣ್ಣೆಯಿಂದ ಅಂಬಡೆ ಎತ್ತುತ್ತಾ, “ಎಂತದೋ ಬಿರುಗಾಳಿ ಅಂತ ಹೇಳಿದ ಹಾಗೆ ಇತ್ತು ಮಾಸ್ಟ್ರೆ. ನಮ್ಮ ಕಡಲೋ, ಮದ್ರಾಸಿನ ಕಡಲೋ, ನನಗೆ ಸರಿ ಕೇಳಲಿಲ್ಲ. ನಿಮಗೆಂತಕ್ಕೆ ಅದು, ಬಿಸಿ ಉಂಟು, ಎರಡು ತಿನ್ನಿ” ಎಂದರು. ನನ್ನ ಊಟವಾದ ಮೇಲೆ ನಾನು ಏನೂ ತಿನ್ನುವುದಿಲ್ಲವೆಂದು ಇಡೀ ಪೇಟೆಗೆ ಗೊತ್ತು. ಆ ಹೊತ್ತಿಗೆ ಭಟ್ಟರಿಗೂ ಮರೆತಿತ್ತು, ನನಗೂ ಮರೆತು ಕೈ ಚಾಚಿದ್ದೆ.

ಆ ಕಡೆಗೆ ಮತ್ತೆ ಬಸ್ಸಿದ್ದದ್ದು ಬೆಳಿಗ್ಗೆಯೇ. ನಿದ್ದೆ ಬಂತೇ ಎಂದು ಕೇಳಬೇಡಿ. ಮೊದಲ ಬಸ್ಸಿಗೆ ಹತ್ತಿ ಕಿನ್ನಿಗೋಳಿಯ ಮಾರ್ಗವಾಗಿ ಹೋಗಿ, ಕಡೆಯ ಸ್ಟಾಪಿನಲ್ಲಿ ಇಳಿದು, ಗುಲಾಬಿಯಕ್ಕನ ಮನೆ ಕೇಳಿಕೊಂಡು ಮರಳಿನಲ್ಲಿ ಚಪ್ಪಲಿ ಹುಗಿಯುತ್ತಾ ನಡೆದೆ. ಕಡಲು ಕಾಣುವ ಮೊದಲೇ ಅದರ ಸದ್ದು ಕೇಳಿತು. ರೇಡಿಯೋದವರು ಎಂದೂ ಆ ಸದ್ದಿನ ಬಗ್ಗೆ ಹೇಳಿರಲಿಲ್ಲ.

ತೆಂಗಿನ ಸಾಲು ದಾಟಿದೆ. ದಡದಿಂದ ಒಂದಿಷ್ಟು ದೂರದಲ್ಲಿ ನೀರಿನೊಳಗೆ ಕಪ್ಪು ಬಂಡೆಗಳ ಸಾಲು, ಅದೇ ಅವರ ಪಾದೆ. ಬಲಗಡೆಗೆ ನದಿ ಕಡಲು ಸೇರುವಲ್ಲಿ ಮರಳಿನ ಮೂಗು ಚಾಚಿಕೊಂಡಿತ್ತು, ಕೋಡಿ ಎನ್ನುತ್ತಾರೆ. ಅಲೆಗಳು ಪಾದೆಯ ಮೇಲೆ ಬಿದ್ದು ಒಡೆದು, ಉಳಿದದ್ದು ಕೋಡಿಯನ್ನು ಬಳಸಿ ಸುರುಳಿಯಾಗಿ ಒಳನುಗ್ಗುತ್ತಿತ್ತು. ಎತ್ತರ ಎರಡು ಮೀಟರ್ ಇದ್ದೀತು. ನನ್ನ ಕಂಬದ ಎರಡನೆಯ ಗೆರೆ. ನನ್ನ ಗೆರೆಗೆ ಎತ್ತರ ಮಾತ್ರ ಇತ್ತು ಸ್ವಾಮಿ. ಇದಕ್ಕೆ ಫರ್ಲಾಂಗು ಉದ್ದವಿತ್ತು, ಹಿಂದಿನಿಂದ ದೂಡುವ ಇಡೀ ಕಡಲಿತ್ತು. ನಾನು ಕಂಬಕ್ಕೆ ಬೆತ್ತ ತಟ್ಟಿ ‘ಇಷ್ಟು’ ಎಂದದ್ದು ಇದನ್ನೇ ಎಂದು ನೆನೆದು ಅಲ್ಲೇ ಮರಳಿನ ಮೇಲೆ ಕೂತುಬಿಟ್ಟೆ. ನೀರಿನ ಮೇಲೆ ಎಲ್ಲಿಯೂ ದೋಣಿ ಕಾಣಲಿಲ್ಲ. ಇಬ್ಬರನ್ನು ಕೊಂದೆ ಎಂದೇ ನನಗೆ ಅನಿಸಿದ್ದು. ಅತ್ತುಬಿಟ್ಟೆ. ಅದನ್ನು ಮುಚ್ಚಿಡುವುದಿಲ್ಲ.

“ಇದು ನಮ್ಮ ಮಾಸ್ಟ್ರಲ್ವಾ!” ಎಂದು ಹಿಂದಿನಿಂದ ಗುಲಾಬಿಯಕ್ಕನ ದನಿ.

ತಿರುಗಿ ನೋಡಿದರೆ, ನಾನು ಗಾಬರಿಯಲ್ಲಿ ದಾಟಿ ಬಂದಿದ್ದ ತೆಂಗಿನ ಸಾಲಿನ ಅಡಿಯಲ್ಲೇ ದೋಣಿ ಮಗುಚಿ ಮಲಗಿತ್ತು. ಅದರ ನೆರಳಿನಲ್ಲಿ ಅವರ ಗಂಡ ಮತ್ತು ತಮ್ಮ ಚಾ ಕುಡಿಯುತ್ತಿದ್ದರು. ಗುಲಾಬಿಯಕ್ಕನ ಮುದಿ ಅತ್ತೆ ಕಾಲು ಚಾಚಿ ಬಲೆಯ ಹರುಕು ಹೆಣೆಯುತ್ತಿದ್ದರು. ನಾನು ಎದ್ದು ಹೋಗಿ ಆ ಇಬ್ಬರ ಕೈಗಳನ್ನು ಹಿಡಿದುಕೊಂಡೆ. ಅವರು ನನ್ನನ್ನು ಅದುವರೆಗೆ ನೋಡಿಯೇ ಇರಲಿಲ್ಲ. ಪಾಪ, ಬಿಡಿಸಿಕೊಳ್ಳಲೂ ಆಗದೆ ಲೋಟ ಎತ್ತಲೂ ಆಗದೆ ಪೆಚ್ಚಾಗಿ ನಿಂತರು.

ಎಲ್ಲವನ್ನೂ ಹೇಳಿಬಿಟ್ಟೆ. ಸೆಲ್ಲು ಸತ್ತದ್ದು, ನಿನ್ನೆಯ ಗಾಳಿಯನ್ನು ಇವತ್ತಿಗೆ ಮಾರಿದ್ದು. ಬೈಯುತ್ತಾರೆಂದು ಕಾದೆ. ಮುದುಕಿ ಬಲೆಯಿಂದ ಕಣ್ಣೆತ್ತದೆ, “ನಿನ್ನೆ ಕತ್ತಲಾಗುವಾಗಲೇ ಪಾದೆ ನೊರೆಯಲ್ಲಿ ಬೆಳ್ಳಗಾಗಿತ್ತು ಮಗಾ. ಅದನ್ನು ನೋಡಿದ ಮೇಲೆ ದೋಣಿ ಯಾರು ಇಳಿಸ್ತಾರೆ?” ಎಂದರು.

“ಹಾಗಾದರೆ ದಿನಾ ನನ್ನನ್ನು ಕೇಳುವುದು ಎಂತಕ್ಕೆ?” ನನ್ನ ದನಿಯಲ್ಲಿ ಸ್ವಲ್ಪ ಅವಮಾನವೂ ಇತ್ತು. ಅಳುವವನಿಗೂ ಜಂಬ ಪೂರ್ತಿ ಹೋಗಿರುವುದಿಲ್ಲ.

“ಬೇಡ ಅಂತ ಹೇಳುವವರು ಎಷ್ಟು ಜನ ಇದ್ರೂ ನಮಗೆ ಬೇಕು” ಎಂದರು ಮುದುಕಿ. “ನೀವು ಗಾಳಿ ಉಂಟು ಅಂದ್ರೆ ಪಾದೆ ನೋಡದೆ ಸುಮ್ಮನೆ ಮಲಗ್ತೇವೆ. ನೀವು ಅಡ್ಡಿ ಇಲ್ಲ ಅಂದ್ರೆ ಹೋಗಿ ಪಾದೆ ನೋಡ್ತೇವೆ. ಅಷ್ಟೆ.”

ನಾನು ದಂಗಾದೆ. ಮೂರು ವರ್ಷ ನಾನು ಕೊಟ್ಟ ಅನುಮತಿಗಳಲ್ಲಿ ಒಂದೂ ಜಾರಿಯಾಗಿರಲಿಲ್ಲ! ಜಾರಿಯಾದದ್ದು ನನ್ನ ಬೇಡಗಳು ಮಾತ್ರ. ಆ ಮನೆಯಲ್ಲಿ ನನಗೆ ಹಾಲು ಹಾಕದ ಚಾ, ಬೆಲ್ಲದ ತುಂಡು ಸಿಕ್ಕಿತು. ಹೊಸ ಪಾತ್ರೆಯಲ್ಲಿ ಬೇರೆಯೇ ಕಾಸಿದ್ದೆಂದು ಗುಲಾಬಿಯಕ್ಕ ಎರಡು ಸಲ ಹೇಳಿದರು.

ಮನೆಗೆ ಬಂದವನೇ ಒದ್ದೆ ಬಟ್ಟೆ ತಂದು ಕಂಬದ ಗೆರೆಗಳನ್ನು ಒರೆಸಿದೆ. ಹೊಸ ಸೆಲ್ಲು ತಂದೆ. ರೇಡಿಯೋ ಹೇಳಿದ್ದಕ್ಕೆ ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಒಪ್ಪಿಸುವ ವ್ರತ ಹಿಡಿದೆ. ಮುಂದೆ ಒಂದು ಸಂಜೆ, ಹೊಸ ಸೆಲ್ಲಿದ್ದರೂ ದೂರದ ಸಿಡಿಲಿಗೆ ರೇಡಿಯೋ ಬರೀ ಪಟಪಟ ಎಂದಿತು. ಗುಲಾಬಿಯಕ್ಕ ದಣಪೆಗೆ ಬಂದು ಎಂದಿನ ಪ್ರಶ್ನೆ ಕೇಳಿದರು.

“ಗೊತ್ತಿಲ್ಲ ಗುಲಾಬಿಯಕ್ಕ” ಎಂದೆ. ಮಾಸ್ತರಿಕೆಗೆ ಸೇರಿದ ಮೇಲೆ ಆ ಶಬ್ದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿದ ಮೇಲೆ ಸೀಮೆಸುಣ್ಣ ಕೆಳಗಿಟ್ಟಷ್ಟು ಹಗುರವಾಯಿತು.

ಅವರು ನನ್ನ ಮುಖವನ್ನೇ ನೋಡಿದರು. “ಮಾಸ್ಟ್ರಿಗೇ ಗೊತ್ತಿಲ್ಲ ಅಂದ್ರೆ ನಾಳೆ ಇಳಿಯುವುದು ಬೇಡ. ಹೇಳ್ತೇನೆ ಅವರಿಗೆ” ಎಂದು ಬಸ್ಸು ಹತ್ತಿದರು.

ಮರುದಿನ ಕಡಲು ತಟ್ಟೆಯಲ್ಲಿಟ್ಟ ನೀರಿನ ಹಾಗಿತ್ತಂತೆ. ಅವರ ದೋಣಿ ಮಾತ್ರ ತೆಂಗಿನಡಿಯಲ್ಲೇ ಮಲಗಿತ್ತಂತೆ. ಗುಲಾಬಿಯಕ್ಕ ಬೇರೆಯವರ ಮೀನು ತಂದು ಮಾರಿ, ಸಂಜೆ ನನ್ನನ್ನು ಚೆನ್ನಾಗಿ ಗೇಲಿ ಮಾಡಿ ಹೋದರು. ನಾನು ತಲೆ ತಗ್ಗಿಸಿಕೊಂಡು ಒಳಗೆ ಬಂದರೆ ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಬೆಂಕಿಪೆಟ್ಟಿಗೆ ಕೆಳಗಿಡುತ್ತಿದ್ದಳು.

“ಒಂದು ದೋಣಿಯಷ್ಟು ಮೀನು ಇವತ್ತು ಉಳಿಯಿತಲ್ಲ” ಎಂದಳು. “ನಿಮ್ಮ ವಿದ್ಯೆಯಿಂದ ಇಷ್ಟು ವರ್ಷದಲ್ಲಿ ಬಂದ ಪುಣ್ಯ ಇದೊಂದೇ. ಇನ್ನು ಆಗಾಗ ಗೊತ್ತಿಲ್ಲ ಅಂತ ಹೇಳ್ತಾ ಇರಿ.”