ಕೂರೋದು ಬೇರೆ, ಒಪ್ಪೋದು ಬೇರೆ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿಗೆ ಕೂದಲೆಳೆಯಂಥ ತಾಮ್ರದ ತಂತಿ ಸಿಕ್ಕಿಸಿ ಸರ್ರನೆ ಎಳೆದರೆ ಮೇಲಿನ ಬಣ್ಣ ಕಳಚಿ ತಂತಿ ಹೊಳೆಯುತ್ತಿತ್ತು. ಬ್ಲೇಡು ಬಳಸಬಾರದೇ ಎಂದರೆ, "ಬ್ಲೇಡು ಕಳ್ದೋಗತ್ತಮ್ಮ, ಇದೆಲ್ ಹೋಗತ್ತೆ?" ಎನ್ನುತ್ತಿದ್ದರು.

ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮಿಕ್ಸಿ, ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವರದು. ನಮಗೆಲ್ಲ ಅವರು ವೈಂಡಿಂಗ್ ಮಾಮ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯಲ್ಲೂ ಶಿವಾಜಿನಗರದಲ್ಲೂ ಮನೆಗೊಬ್ಬರು ಗಲ್ಫಿನಲ್ಲಿದ್ದಂತಿತ್ತು. ರಜೆಗೆ ಬಂದವರು ತಂದ ಇಸ್ತ್ರಿಪೆಟ್ಟಿಗೆ, ಟೇಪ್‌ರೆಕಾರ್ಡರುಗಳ ಪಿನ್ನು ನಮ್ಮ ಗೋಡೆಗೆ ಕೂರುತ್ತಿರಲಿಲ್ಲ. ಜನ ಪ್ಲಗ್ಗನ್ನೇ ಕತ್ತರಿಸಿ, ಬರೀ ವೈರನ್ನು ಸಾಕೆಟ್ಟಿನ ತೂತಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸುತ್ತಿದ್ದರು. ಸುಟ್ಟ ಯಂತ್ರ ರಿಪೇರಿಗೆ ಬಂದಾಗ ಮಾಮ ಆ ಕಡ್ಡಿಗಳನ್ನೂ ತರಿಸಿಕೊಂಡು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತಿದ್ದರು. ಯಾರಾದರೂ ವಾದಕ್ಕಿಳಿದರೆ ಆ ಡಬ್ಬಿ ಕುಲುಕುತ್ತಿದ್ದರು.

ವಿಮಾನ ಹತ್ತಿದವರಲ್ಲ. ಆದರೂ ದೇಶಗಳನ್ನೆಲ್ಲ ಪಿನ್ನಿನಿಂದಲೇ ಬಲ್ಲವರು. "ದುಬೈಯಾ? ಚಪ್ಪಟೆ ಮೂರು. ಜರ್ಮನಿ? ಗುಂಡಗೆ ಎರಡು. ಅಮೆರಿಕಾ? ತಗಡಿನ್ ಹಲ್ಲು!"

ನನ್ನ ಗಂಡ ರಿಯಾದಿನ ಗೋದಾಮೊಂದರಲ್ಲಿ ಕೆಲಸಕ್ಕಿದ್ದರು. ಮೂರು ವರ್ಷ ಕಾದ ಮೇಲೆ ನನಗೂ ಮಗಳಿಗೂ ವೀಸಾ ಬಂತು. ಮಗಳಿಗೆ ಆರು ವರ್ಷ, ಹುಟ್ಟಿದಾಗಿನಿಂದ ಉಬ್ಬಸ. ದಿನಕ್ಕೆರಡು ಸಲ ನೆಬ್ಯುಲೈಸರಿನಲ್ಲಿ ಔಷಧಿಯ ಹಬೆ ಕೊಡಬೇಕು. ಆ ಯಂತ್ರ ನಡೆಯದ ಕಡೆ ಅವಳನ್ನು ಕರೆದೊಯ್ಯುವಂತೆಯೇ ಇರಲಿಲ್ಲ. ಗಂಡ ಊರಿಗೆ ಬರುವವರ ಕೈಯಲ್ಲಿ ಅಲ್ಲಿನ ಅಡಾಪ್ಟರ್ ಕಳಿಸಿದ್ದರು. ನಮ್ಮ ಯಂತ್ರದ ಪಿನ್ನು ಅದರೊಳಗೆ ಟಕ್ಕೆಂದು ಕೂತಿತು. ಮಾಮನಿಂದ ಶಹಬ್ಬಾಸ್ ಅನ್ನಿಸಿಕೊಳ್ಳೋಣವೆಂದು ತೋರಿಸಲು ಹೋದೆ.

"ಕೂತ್ಕೊಳ್ತು, ಸರಿ. ಅಲ್ಲಿ ಗೋಡೇಲಿ ಎಷ್ಟು ವೋಲ್ಟು?"

"ಪಿನ್ನು ಕೂತ್ಮೇಲೆ ಇನ್ನೇನು ಮಾಮ?"

"ಜಾತಕ ಕೂಡ್ತು ಅಂದ್ರೆ ಸಂಸಾರ ಕೂಡ್ತು ಅಂತಾನಾ? ಕೂರೋದು ಬೇರೆ, ಒಪ್ಪೋದು ಬೇರೆ. ಫೋನ್ ಮಾಡಿ ಕೇಳ್ಕೊಂಡ್ ಬಾ. ಅಲ್ಲೀವರ್ಗೂ ಇದು ಇಲ್ಲೇ ಇರ್ಲಿ" ಎಂದು ಅಡಾಪ್ಟರನ್ನು ಕಸಿದು ಗಲ್ಲಾಪೆಟ್ಟಿಗೆಗೆ ಹಾಕಿಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಮರುವಾರವೇ ಹೊರಡಬೇಕು, ಈ ಮುದುಕನ ತಗಾದೆ ನೋಡು ಎಂದು ಗೊಣಗುತ್ತಲೇ ಐಎಸ್‌ಡಿ ಬೂತಿಗೆ ಹೋದೆ. ಮಾರನೆಯ ದಿನ ಗಂಡ ವಿಚಾರಿಸಿ ಹೇಳಿದರು: ಏಸಿಯ ಸಾಕೆಟ್ಟಿಗೆ ಮಾತ್ರ ಇನ್ನೂರಿಪ್ಪತ್ತು, ಅದು ಮೇಲೆ ಏಸಿಗೇ ಮೀಸಲು; ಮನೆಯ ಮಿಕ್ಕ ಕಡೆಯೆಲ್ಲ ನೂರಹತ್ತು. ಅಂದರೆ ನಮ್ಮ ಯಂತ್ರಕ್ಕೆ ಅರೆಹೊಟ್ಟೆ. ಹಾಗೇ ಒಯ್ದು ಹಾಕಿದ್ದರೆ ಅದು ಗುಂಯ್‌ಗುಟ್ಟುತ್ತಿತ್ತೇ ಹೊರತು ಹಬೆ ಬರುತ್ತಿರಲಿಲ್ಲ. ಮಾಮನ ಮುಂದೆ ನಿಂತಾಗ ನನಗೆ ತಲೆಯೆತ್ತಲಾಗಲಿಲ್ಲ.

ಅವರು ಬೈಯಲಿಲ್ಲ. ಬೇರೆ ಕೆಲಸ ಪಕ್ಕಕ್ಕಿಟ್ಟು ನಾಲ್ಕು ದಿನ ಕೂತು ತಂತಿ ಸುತ್ತಿ, ನೂರಹತ್ತನ್ನು ಇನ್ನೂರಿಪ್ಪತ್ತಕ್ಕೆ ಏರಿಸುವ ಪೆಟ್ಟಿಗೆಯೊಂದನ್ನು ಮಾಡಿದರು. ಒರಳುಕಲ್ಲಿನಷ್ಟು ಭಾರ. ಆಮೇಲೆ ಅಡಾಪ್ಟರನ್ನು ಹಿಂದಿರುಗಿಸಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕೈಗೆ ಒಂದು ಪ್ಲಗ್ಗು, ಸ್ಕ್ರೂಡ್ರೈವರ್ ಕೊಟ್ಟರು. "ಅಲ್ಲಿ ವೈರು ಕಿತ್ಕೊಂಡ್ರೆ ನಾನ್ ಬರಕ್ಕಾಗತ್ತಾ? ಕಲ್ತ್ಕೋ. ಮೊದ್ಲು ಸ್ವಿಚ್ ಆಫು. ಎಲ್ ಅಂತಿರೋ ಕಡೆ ಕೆಂಪು, ಎನ್ ಕಡೆ ಕರಿ. ಹಸಿರು ಅರ್ತು, ಅಂದ್ರೆ ಭೂಮ್ತಾಯಿ, ದೊಡ್ಡ ಪಿನ್ನಿಗೆ. ಅವಳನ್ನ ಮಾತ್ರ ಬಿಡ್ಬೇಡ." ಹತ್ತು ಸಲ ಬಿಚ್ಚಿಸಿ ಹತ್ತು ಸಲ ಹಾಕಿಸಿದರು.

ರಿಯಾದಿಗೆ ಹೋದ ತಿಂಗಳಲ್ಲೇ ಒಂದು ಮಧ್ಯಾಹ್ನ ಆಕಾಶ ಕಂದಾಗಿ ಧೂಳಿನ ಬಿರುಗಾಳಿ ಎದ್ದಿತು. ಕಿಟಕಿಗೆ ಒದ್ದೆ ಬಟ್ಟೆ ತುರುಕಿದರೂ ಧೂಳು ಒಳಗೆ ಬಂತು. ಮಗಳ ಉಸಿರು ಕಟ್ಟಿ ತುಟಿ ನೀಲಿಯಾಯಿತು. ಹೊರಗೆ ರಸ್ತೆಯೇ ಕಾಣುತ್ತಿರಲಿಲ್ಲ, ಆಸ್ಪತ್ರೆಗೆ ಹೋಗುವ ಮಾತೆಲ್ಲಿ? ಮಾಸ್ಕನ್ನು ಅವಳ ಮುಖಕ್ಕಿಟ್ಟು ಸ್ವಿಚ್ ಒತ್ತಿದೆ. ಮಾಮನ ಪೆಟ್ಟಿಗೆ ಒಮ್ಮೆ ಕೆಮ್ಮಿ ಗುನುಗತೊಡಗಿತು, ಮಾಸ್ಕಿನೊಳಗೆ ಬೆಳ್ಳಗೆ ಹಬೆ ಬಂತು. ಸ್ವಲ್ಪ ಹೊತ್ತಿಗೆ ಮಗಳು "ಅಮ್ಮಾ, ನೀರು" ಎಂದಳು. ನಾನು ಅತ್ತೆ. ಬೆಂಗಳೂರಿನ ದಿಕ್ಕು ಯಾವುದೆಂದು ತಿಳಿಯದಿದ್ದರೂ ಕೈಮುಗಿದೆ.

ಎರಡು ವರ್ಷದ ಮೇಲೆ ಮರಳಿದಾಗ ಅವರಿಗೆಂದು ಅಲ್ಲಿನ ಸಾಕೆಟ್ಟೊಂದನ್ನು ತಂದೆ. ತಿರುಗಿಸಿ ಮುರುಗಿಸಿ ನೋಡಿ, "ಓ, ರಿಯಾದು ಅಂದ್ರೆ ಇಷ್ಟೇನಾ!" ಎಂದು ನಕ್ಕರು. ಅದನ್ನು ಅಂಗಡಿಯ ಸ್ವಿಚ್ ಬೋರ್ಡಿಗೆ ಹಾಕಿಕೊಂಡರು.

ಮಗಳು ಕಾಲೇಜು ಸೇರಿದ ವರ್ಷ ಮಾಮ ಹೋಗಿಬಿಟ್ಟರು. ಅಂಗಡಿಯಲ್ಲೇ, ಕೆಲಸದ ಮೇಲೆ ಕೂತಹಾಗೇ. ಹನ್ನೊಂದನೆಯ ದಿನ ಮೊದಲ ಬಾರಿಗೆ ಅಂಗಡಿಯ ಹಿಂದಿನ ಅವರ ಮನೆಯೊಳಗೆ ಕಾಲಿಟ್ಟೆ. ಸೆಕೆ. ಅತ್ತೆ, ಎಂದರೆ ಅವರ ಹೆಂಡತಿ, ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿದರು. ಅದರ ವೈರಿನ ಗುಂಟ ಕಣ್ಣು ಗೋಡೆಗೆ ಹೋಯಿತು. ಪ್ಲಗ್ಗಿಲ್ಲ. ಎರಡು ತೂತಿಗೆ ಎರಡು ವೈರು, ಎರಡು ಬೆಂಕಿಕಡ್ಡಿ. ಹಸಿರು ವೈರು ಸುಮ್ಮನೆ ನೇತಾಡುತ್ತಿತ್ತು.

ದೀಪದ ಬುಡದಲ್ಲಿ ಕತ್ತಲೆ! ಅತ್ತೆ ನನ್ನ ಮುಖ ನೋಡಿ, "ಹತ್ತು ವರ್ಷದಿಂದ ಹೇಳ್ತಿದ್ದೆ ಕಣಮ್ಮ, ನಮ್ಮನೇಗೂ ಒಂದು ಪ್ಲಗ್ಗು ಹಾಕ್ರೀ ಅಂತ. ಊರೋರ್ದೆಲ್ಲ ಮುಗೀಲಿ, ನಾಳೆ ಹಾಕ್ತೀನಿ ಅಂತಿದ್ರು" ಎಂದು ನಗುತ್ತಲೇ ಕಣ್ಣೊರೆಸಿಕೊಂಡರು. ಅವರ ಆ ಊರವರಲ್ಲಿ ನಾನೂ ಒಬ್ಬಳು.

ಅಂಗಡಿಯಿಂದ ಹೊಸ ಪ್ಲಗ್ಗು, ಸ್ಕ್ರೂಡ್ರೈವರ್ ತಂದೆ. ಸ್ವಿಚ್ ಆಫ್ ಮಾಡಿ ನೆಲದ ಮೇಲೆ ಕೂತೆ. ಎಲ್ ಕಡೆ ಕೆಂಪು, ಎನ್ ಕಡೆ ಕರಿ. ಭೂಮಿತಾಯಿಯನ್ನು ಬಿಡಲಿಲ್ಲ. ಫ್ಯಾನು ತಿರುಗಿತು, ಅತ್ತೆಯ ಸೆರಗು ಹಾರಿತು. ಕಿತ್ತ ಎರಡು ಕಡ್ಡಿಗಳನ್ನು ಅಂಗಡಿಗೆ ಒಯ್ದು ಅವರ ಡಬ್ಬಿಗೇ ಹಾಕಿದೆ.