ಸರೋಜ ಇಲ್ಲಿಲ್ಲ ಎಂದವಳು ನಾನೇ

ಕೋಪ ಬಂದರೆ ನನ್ನ ಮೊಮ್ಮಗಳು ಸರೋಜಳ ಎಡಹುಬ್ಬು ಹಣೆಗೆ ಏರುತ್ತಿತ್ತು. ದಿನಕ್ಕೆ ಹತ್ತು ಸಲ ಏರುತ್ತಿತ್ತು. ಮೈಸೂರಿನ ಲಷ್ಕರ್ ಮೊಹಲ್ಲಾದ ನಮ್ಮ ಓಣಿಯ ನಲ್ಲಿಯ ಹತ್ತಿರ ಸೆರಗು ಸಿಕ್ಕಿಸಿಕೊಂಡು, "ಸರದಿ ತಪ್ಪಿಸ್ತೀರಾ? ನಾಚ್ಕೆ ಆಗಲ್ವಾ?" ಎಂದು ಜಗಳವಾಡಿ, ಬಿಂದಿಗೆ ಒಳಗಿಟ್ಟು, ಸೈಕಲ್ ಹತ್ತಿ ಯಾದವಗಿರಿಯ ರೇಡಿಯೋ ಸ್ಟೇಷನ್ನಿಗೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆಲ್ಲ ಪಾರ್ಕಿನಲ್ಲಿ ಊರವರಿಗೆಲ್ಲ ಕೇಳಲೆಂದು ಇಟ್ಟಿದ್ದ ರೇಡಿಯೋದಲ್ಲಿ ಅದೇ ಬಾಯಿ, ಕೆನೆಹಾಲಿನಂಥ ದನಿಯಲ್ಲಿ ವಾರ್ತೆ ಓದುತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತ ನನಗೆ ನಗು ತಡೆಯಲಾಗುತ್ತಿರಲಿಲ್ಲ. "ನಮ್ಮುಡುಗಿ ಕಣ್ರೀ" ಎಂದು ಪಕ್ಕದವರನ್ನು ತಿವಿಯುತ್ತಿದ್ದೆ.

ಅವಳಪ್ಪ, ನನ್ನ ಮಗ, ಅರಸೀಕೆರೆಯಲ್ಲಿ ರೈಲ್ವೆ ಕೆಲಸದಲ್ಲಿದ್ದ. ಓದಲೆಂದು ಬಂದ ಹುಡುಗಿ ನನ್ನ ಹತ್ತಿರವೇ ಬೆಳೆದಳು. ನಾನು ಓದಿದ್ದು ಮೂರನೇ ಕ್ಲಾಸು. ಅದೇ ಅವಳಿಗೆ ಅನುಕೂಲ. ಬೆಳಿಗ್ಗೆ ಒಲೆ ಮುಂದೆ ಪತ್ರಿಕೆ ಹಿಡಿದು ಕೂರುವಳು. ಉಸಿರು ತೆಗೆದುಕೊಳ್ಳುವ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿ ಗಟ್ಟಿಯಾಗಿ ಓದುವಳು.

"ಏನರ್ಥ ಆಯ್ತು ಹೇಳಜ್ಜಿ."

"ಏನೋ ಸಂಧಾನ ಅಂದೆ. ಯಾರ ಜೊತೆ ಯಾರಿಗೆ ಜಗಳವೇ?"

ಹುಬ್ಬು ಏರುತ್ತಿತ್ತು. ನನ್ನ ಮೇಲಲ್ಲ. "ಬರ್ದೋನಿಗೇ ಗೊತ್ತಿಲ್ಲ, ಇನ್ನು ನಿಂಗೆಲ್ಲಿ ಗೊತ್ತಾಗುತ್ತೆ! ನಿಂಗೆ ತಿಳಿಯೋ ಹಂಗೆ ಓದ್ದೆ ಇದ್ರೆ ನಾನ್ಯಾಕೆ ಓದ್ಬೇಕು?" ಎಂದು ಪತ್ರಿಕೆಯನ್ನು ನೆಲಕ್ಕೆ ಬಡಿಯುತ್ತಿದ್ದಳು.

ಎದುರುಮನೆಯಲ್ಲಿ ನರಸಪ್ಪನವರಿದ್ದರು, ಕಂದಾಯ ಇಲಾಖೆಯಲ್ಲಿದ್ದು ಪೆನ್ಷನ್ ಆದ ಶೇಕ್‌ದಾರರು. "ಗಂಡಸರ ಮಧ್ಯೆ ಕೂತು ಓದೋಳನ್ನ ಯಾರು ಮದ್ವೆ ಆಗ್ತಾರೆ ಕಣಮ್ಮ?" ಎಂದು ದಿನವೂ ಕೇಳುವರು. ಒಂದು ದಿನ ನನಗೆ ರೇಗಿತು. "ನಿಮ್ಮನ್ನೂ ಯಾರೋ ಆಗ್ಲಿಲ್ವಾ ಸ್ವಾಮಿ?" ಎಂದೆ. ಆಮೇಲೆ ತಿಂಗಳು ಮಾತಿಲ್ಲ.

ಹೀಗಿರುವಾಗ ಸಿಂಗಪುರದ ರೇಡಿಯೋದವರಿಂದ ಸರೋಜಳಿಗೆ ಕಾಗದ ಬಂತು. ಅವಳೇ ಹಾಕಿದ್ದ ಅರ್ಜಿಗೆ ಉತ್ತರ, ಇಂಗ್ಲಿಷಿನಲ್ಲಿ ವಾರ್ತೆ ಓದಲು ಬಾ ಎಂದು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು. ಅದಕ್ಕೆ ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆಂದು ನನಗೆ ಯಾರೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಪೇದೆ ಬಂದ. "ಸರೋಜ ಅನ್ನೋರು ಇಲ್ಲೇ ಇರೋದಾ? ಆಯಮ್ಮನ ನಡತೆ ಎಂಗೆ?"

ನಡತೆ! ನನ್ನ ಮೈಯೆಲ್ಲ ಉರಿದುಹೋಯಿತು. ಪೊಲೀಸಿನವನು ಹೆಣ್ಣುಮಗಳ ಹೆಸರು ಹಿಡಿದು ಬಾಗಿಲಿಗೆ ಬಂದರೆ ಆ ಹೆಸರು ಉಳಿಯುತ್ತದೆಯೇ? "ಅಂಥೋರು ಇಲ್ಲಿಲ್ಲ, ನಡೀರಿ" ಎಂದೆ. ಅವನು ಎದುರುಮನೆಗೆ ಹೋದ. ನರಸಪ್ಪನವರು ನನ್ನ ಮುಖ ನೋಡಿದರು. "ಆ ಹೆಸರಿನೋರು ಈ ಓಣಿಲೇ ಇಲ್ಲಪ್ಪ" ಎಂದರು. ಆರು ಮನೆ ಕೇಳಿದ, ಆರು ಮನೆಯವರೂ ಇಲ್ಲ ಎಂದರು. ನಾನು ಹಿಗ್ಗಿ ಎಲ್ಲರ ಮನೆಗೂ ಒಂದೊಂದು ಲೋಟ ಪಾಯಸ ಕಳಿಸಿದೆ.

ರಾತ್ರಿ ವಾರ್ತೆ ಮುಗಿಸಿ ಬಂದ ಸರೋಜಳಿಗೆ ಬಾಗಿಲಲ್ಲೇ ಹೇಳಿದೆ. ಸೈಕಲ್ಲು ಅವಳ ಕೈಯಿಂದ ಜಾರಿ ಬಿತ್ತು. "ಏನ್ ಮಾಡ್ಬುಟ್ಟೆ ಅಜ್ಜಿ! ನಾನು ಇಲ್ವೇ ಇಲ್ಲ ಅಂತ ಬರ್ಕೊಂಡು ಹೋಗಿರ್ತಾನೆ. ಇಲ್ದೇ ಇರೋಳಿಗೆ ಪಾಸ್‌ಪೋರ್ಟ್ ಯಾರು ಕೊಡ್ತಾರೆ?" ಮೂರು ದಿನ ನನ್ನ ಕೈಯ ಊಟ ಮಾಡಲಿಲ್ಲ. ಒಳ್ಳೇದೇ ಆಯ್ತು ಬಿಡಿ, ಇಲ್ಲೇ ಇರ್ತಾಳೆ ಎಂದು ಒಬ್ಬಿಬ್ಬರು ಸಮಾಧಾನ ಹೇಳಲು ಬಂದರು. ಅವರನ್ನು ಮೆಟ್ಟಿಲಿನಿಂದಲೇ ಓಡಿಸಿದೆ.

ನಾಲ್ಕನೇ ದಿನ ಆರೂ ಮನೆಯವರನ್ನು ಕಟ್ಟಿಕೊಂಡು ಪೊಲೀಸ್ ಸ್ಟೇಷನ್ನಿಗೆ ನಡೆದೆ. ನರಸಪ್ಪನವರು ಜರಿಪೇಟ ಇಟ್ಟುಕೊಂಡು ಮುಂದೆ ಹೊರಟರು.

"ಅವತ್ತು ಇಲ್ಲ ಅಂದ್ರಿ, ಇವತ್ತು ಇದಾಳೆ ಅಂತೀರಿ. ಯಾವುದು ಸುಳ್ಳು?" ಎಂದ ಇನ್‌ಸ್ಪೆಕ್ಟರು.

"ಅವತ್ತಿಂದೇ ಸುಳ್ಳು! ಯಾಕೆ ಬಂದೆ ಅಂತ ಮೊದ್ಲು ಹೇಳೋಕೆ ನಿಮ್ಮೋನಿಗೆ ಬಾಯಿಲ್ವಾ? ಸಾಯಂಕಾಲ ಪಾರ್ಕಿಗೆ ಬನ್ನಿ, ಇದಾಳೋ ಇಲ್ವೋ ಊರೇ ಕೇಳುತ್ತೆ, ನೀವೂ ಕೇಳಿ" ಎಂದೆ.

ಅವನು ನಕ್ಕ. ಆ ನಗು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಆದರೂ ಹೊಸ ಕಾಗದ ತೆಗೆದ. "ನಡತೆ ಚಿನ್ನದಂಥದು" ಎಂದು ನರಸಪ್ಪನವರು ಬರೆಸಿ ಕೆಳಗೆ ಸಹಿ ಹಾಕಿದರು. ಪಾಸ್‌ಪೋರ್ಟು ಬಂತು, ಸರೋಜ ಹೊರಟಳು. ರೈಲು ಅಲುಗುವವರೆಗೂ ನನ್ನ ಜೊತೆ ಜಗಳವೇ. "ಇಷ್ಟೊಂದು ಉಪ್ಪಿನಕಾಯಿ ಯಾರು ತಿಂತಾರೆ?" ಎಂದು ಬೈಯುತ್ತಲೇ ಭರಣಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ಅಲ್ಲಿ ರೇಡಿಯೋದಲ್ಲಿ ಹೆಸರಾದಳು. ಈಗ ಆ ಊರಿಗೆ ಟೆಲಿವಿಷನ್ ಬಂದಿದೆಯಂತೆ, ಅದರಲ್ಲೂ ಇವಳೇ ವಾರ್ತೆ ಓದುತ್ತಾಳಂತೆ. ಮೊನ್ನೆ ಟೈಲರ್ ಬುಡೇನ್ ಸಾಬರ ಭಾವಮೈದ ಸಿಂಗಪುರದಿಂದ ಬಂದವನು, "ದಿನಾ ನೋಡ್ತೀವಿ ಅಜ್ಜಿ, ಮನೆಮಂದಿಯೆಲ್ಲ ಸುಮ್ನಾಗಿ ಕೇಳ್ತಾರೆ" ಎಂದ. ಖುಷಿ ತಡೆಯಲಾರದೆ ಅವನ ಗಲ್ಲ ಹಿಂಡಿದೆ, ಸಕ್ಕರೆ ಡಬ್ಬಿಯನ್ನೇ ಮುಂದಿಟ್ಟೆ. ಹಿಂದೆಯೇ ಸಿಟ್ಟೂ ಬಂತು. ನಾನು ಸಾಕಿದ ಹುಡುಗಿಯನ್ನು ಯಾವ ಊರಿನವರೋ ದಿನಾ ನೋಡುತ್ತಾರೆ. ಮೈಸೂರಿನಲ್ಲಿ ಆ ಪೆಟ್ಟಿಗೆಯೇ ಇಲ್ಲ.

"ಕೈಗೆ ಬಳೆ ಹಾಕಿರ್ತಾಳೇನಪ್ಪ?"

"ಕೈ ಕಾಣ್ಸಲ್ಲ ಅಜ್ಜಿ. ಮುಖ ಅಷ್ಟೇ."

"ಅದ್ಯಾವ ಸೀಮೆ ಪೆಟ್ಟಿಗೆಯೋ! ಮುಖ ನಂಗೆ ಫೋಟೋದಲ್ಲೇ ಇದೆ" ಎಂದೆ. "ಆ ಕೈ ಹಿಡ್ಕೊಂಡು ಒಂಬತ್ತು ವರ್ಷ ಆಯ್ತು ಕಣೋ."