ಜನರಲ್ ಹೇಳಿದ್ದು, ನಾನು ಬರೆದದ್ದು

ಈ ಬೆಳಿಗ್ಗೆ ಆನೆ ಓಡಿಸಲು ಯಾರೋ ಹೊಳೆದಂಡೆಯಲ್ಲಿ ಪಟಾಕಿ ಸಿಡಿಸಿದರು. ಆನೆ ಹೋಯಿತೋ ಇಲ್ಲವೋ, ಮದ್ದಿನ ವಾಸನೆ ಮಾತ್ರ ನನ್ನ ಅಡುಗೆಮನೆಗೆ ಬಂದು ಕೂತಿತು. ಆ ವಾಸನೆಗೆ ನನಗೆ ನೆನಪಾಗುವುದು ಜನರಲ್.

ಆಗಷ್ಟೇ ವಯನಾಡು ಹೊಸ ಜಿಲ್ಲೆಯಾಗಿತ್ತು. ನಮ್ಮ ಕೊಳವಳ್ಳಿಗೆ ಅದರಿಂದ ಬಂದದ್ದು ಒಂದು ಬೋರ್ಡು. ಅದೇ ವರ್ಷ ಈ ನಿವೃತ್ತ ಜನರಲ್ಲೂ ಬಂದು, ಕಬಿನಿಯ ಪಕ್ಕ ಮನೆ ಮಾಡಿ ಒಬ್ಬರೇ ಇದ್ದರು. ಶತ್ರು ವಿಮಾನಗಳನ್ನು ಹೊಡೆದುರುಳಿಸುವ ಫಿರಂಗಿದಳದವರು. ಎದೆತುಂಬ ಪದಕ ಸಿಕ್ಕಿತ್ತಂತೆ; ಕಿವಿ ಮುಕ್ಕಾಲು ಹೋಗಿತ್ತು. ತಾಯಿಯಿಂದ ಬಂದ ಕನ್ನಡ ಬಾಯಲ್ಲಿತ್ತು, ಅಕ್ಷರ ಗೊತ್ತಿರಲಿಲ್ಲ. ಊರಲ್ಲಿ ಕನ್ನಡ ಆಡುವವರು ಬೇಕಾದಷ್ಟು. ಬರೆಯಬಲ್ಲವಳು, ಅಪ್ಪನ ಹಟದಿಂದಾಗಿ, ನಾನೊಬ್ಬಳೇ. ಆ ಜಂಬ ನನ್ನ ನಡಿಗೆಯಲ್ಲೂ ಇತ್ತೆಂದು ಅತ್ತಿಗೆ ಹೇಳುತ್ತಿದ್ದಳು.

"ಒಂದು ಕತ್ತು ಬರೀಬೇಕು" ಎಂದು ಜನರಲ್ ಒಂದು ದಿನ ಕರೆದರು. ಕತ್ತು ಎಂದರೆ ಇಲ್ಲಿ ಕುತ್ತಿಗೆಯಲ್ಲ, ಕಾಗದ. ಹೊಳೆಯಾಚೆಯ ಹಳ್ಳಿಯೊಂದರ ತಾಯಿಗೆ. ಆಕೆಯ ಮಗ ಸಿದ್ದರಾಜು ಇವರ ದಳದಲ್ಲಿದ್ದು ಯುದ್ಧದಲ್ಲಿ ಸತ್ತಿದ್ದ.

ಒಂದು ಮಧ್ಯಾಹ್ನ ಇವರು ಕಾಯುತ್ತಿದ್ದ ವಿಮಾನನೆಲೆಗೆ ನಮ್ಮದೇ ವಿಮಾನ ಹೊಗೆ ಕಾರುತ್ತ ಇಳಿಯಲು ಬಂದಿತ್ತು, ಬೆನ್ನಿಗೇ ಶತ್ರುವಿನದು. ಹೊಡೆದರೆ ನಮ್ಮದಕ್ಕೇ ತಗಲಬಹುದು. ಇವರು "ಹೊಡೀಬೇಡಿ" ಎಂದರು. ನಮ್ಮದು ಇಳಿಯಿತು. ಹಿಂದಿನದು ಹಾಕಿದ ಬಾಂಬು ಸಿದ್ದರಾಜುವಿನ ಪಕ್ಕ ಬಿತ್ತು. ಆಮೇಲೆ ಆ ಶತ್ರು ವಿಮಾನವನ್ನು ಉರುಳಿಸಿದರು. ದೊಡ್ಡ ಪದಕ ಬಂದದ್ದು ಅದಕ್ಕೆ.

"ಅರ್ಧ ಗಂಟೆ ಇದ್ದ, ನನ್ನ ತೊಡೆ ಮೇಲೆ" ಎಂದರು ಜನರಲ್. "ನೋವು ಅಂತ ಅತ್ತ. ವಿಮಾನ ಇಳೀತಾ ಸಾರ್ ಅಂತ ಕೇಳ್ದ. ಅವ್ವನ ಕಾಲಿನ ಹುಣ್ಣು ವಾಸಿಯಾಗಿರ್ತದಾ ಅಂದ. ಎಲ್ಲಾ ಬರಿ."

ನಾನು ಬರೆಯಲಿಲ್ಲ. ತಾಯಿಗೆ ಇದೆಲ್ಲ ಏಕೆಂದುಕೊಂಡು "ತಕ್ಷಣ ಪ್ರಾಣ ಹೋಯಿತು, ನೋವೇ ತಿಳಿಯಲಿಲ್ಲ" ಎಂದು ಬರೆದೆ, ವೀರಸ್ವರ್ಗವನ್ನೂ ಸೇರಿಸಿದೆ. ಅವರು ನಂಬಿ ಇಂಗ್ಲಿಷಿನಲ್ಲಿ ಸಹಿ ಹಾಕಿದರು.

ತಿಂಗಳಲ್ಲಿ ಉತ್ತರ ಬಂತು, ಯಾರದೋ ಕೈಬರಹದಲ್ಲಿ. 'ಮಗ ಅರ್ಧ ಗಂಟೆ ಬದುಕಿದ್ದನೆಂದು ಅವನ ಜೊತೆಗಾರ ಹೇಳಿದ್ದ. ಏನು ಮಾತಾಡಿದ ಎಂದು ಕೇಳಲು ಇಷ್ಟು ವರ್ಷ ಕಾದೆ. ಸೈನ್ಯದ ಕಾಗದದಂತೆ ನೀವೂ ತಕ್ಷಣ ಹೋದ ಎಂದಿರಿ.'

ಕಿವಿ ಕೇಳದವರಿಗೆ ಓದುವುದೆಂದರೆ ಕೂಗುವುದು. ನನ್ನ ಸುಳ್ಳನ್ನು ನಾನೇ ಅವರ ಕಿವಿಗೆ ಕೂಗಬೇಕಾಯಿತು. ಬೈಯುತ್ತಾರೆಂದುಕೊಂಡೆ. ಅವರು ಆ ಕಾಗದ ಮಡಚಿ ಜೇಬಿಗಿಟ್ಟರು.

"ನೀನೂ ಬಾ" ಎಂದರು.

ಮರುದಿನ ದೋಣಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ಆ ತಾಯಿಯ ಮನೆಗೆ ಹೋದೆವು. ಜನರಲ್ ಪದಕ ಧರಿಸಿರಲಿಲ್ಲ. ಕಿವುಡರ ಮಾತು ಗಟ್ಟಿ, ಬೀದಿಯೆಲ್ಲ ಕೇಳಿಸಿಕೊಂಡಿತು. ಹೊಡೀಬೇಡಿ ಎಂದವನು ತಾನೇ ಎಂಬುದನ್ನೂ ಹೇಳಿದರು. ಆಕೆ ಅಳಲಿಲ್ಲ.

"ನನ್ ಕಾಲು ಕೇಳುದ್ನಾ? ಇನ್ನೊಂದ್ಸಲ ಹೇಳಿ ಸ್ವಾಮಿ" ಎಂದರು.

ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ಜನರಲ್ಲರ ದನಿ ಒಡೆಯಿತು. ಆಕೆ ಒಳಗಿನಿಂದ ಮಜ್ಜಿಗೆ ತಂದು, ಅವರು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದರು.

ಜನರಲ್ ಹೋಗಿ ಎಷ್ಟೋ ವರ್ಷವಾಯಿತು. ಮೊನ್ನೆ ಪಂಚಾಯಿತಿಯ ಊರ ಚರಿತ್ರೆಯ ಪುಸ್ತಕಕ್ಕೆಂದು ಇಬ್ಬರು ಅವರ ಬಗ್ಗೆ ಕೇಳಲು ಬಂದಿದ್ದರು. ಇದನ್ನೆಲ್ಲ ಮಲಯಾಳದಲ್ಲಿ ಹೇಳತೊಡಗಿದೆ. "ಅದು ಬೇಡ ಚೇಚಿ, ಯಾವ ಪದಕ, ಯಾವ ವರ್ಷ, ಅಷ್ಟು ಸಾಕು" ಎಂದು ಈ ಅಕ್ಕನನ್ನು ತಡೆದರು. ಗೊತ್ತಿಲ್ಲ ಎಂದೆ.

ನಾನು ಬರೆದ ಕನ್ನಡವನ್ನು ಓದುವವರು ಈ ಮನೆಯಲ್ಲಿ ಈಗ ಯಾರೂ ಇಲ್ಲ. ಆದರೂ ಇವತ್ತು ಒಲೆ ಹಚ್ಚುವುದನ್ನು ಬಿಟ್ಟು ಕೂತು, ಎಲ್ಲೋ ಕನ್ನಡ ಓದುವ ನಿಮಗಾಗಿ, ನಾನು ಮಾಡಿದ್ದನ್ನೂ ಸೇರಿಸಿ, ಒಂದನ್ನೂ ಬಿಡದೆ ಬರೆದಿದ್ದೇನೆ.